ನೀರು ಬಿಡುವ ಅಂಚು

ತುಂಗಭದ್ರೆಯ ಹರಿಗೋಲಿಗೆ ಹಿಂದು ಮುಂದು ಇಲ್ಲ. ಆನೆಗೊಂದಿ, ಹಂಪಿ ಕಡೆ ಹೊಳೆ ದಾಟಿದವರು ನೋಡಿರುತ್ತೀರಿ: ಬಿದಿರು ಹೆಣೆದು ಡಾಂಬರು ಬಳಿದ ಆ ದುಂಡನೆಯ ದೋಣಿ ಯಾವ ದಿಕ್ಕಿಗೆ ಬೇಕಾದರೂ ಹೋಗುತ್ತದೆ, ಅಂಬಿಗ ಹುಟ್ಟು ಎತ್ತಿದ ಕೂಡಲೇ ತನ್ನಷ್ಟಕ್ಕೆ ತಾನು ಗಿರಗಿರ ತಿರುಗತೊಡಗುತ್ತದೆ. ಹೊಳೆ ದಾಟಲು ಅಷ್ಟು ಸಾಕು. ವೇಗ ಬೇಕು ಎಂದಾಗ ಮಾತ್ರ ದೋಣಿಗೆ ಮುಂದು, ಹಿಂದು ಎಂಬುದು ಹುಟ್ಟುತ್ತದೆ. ಮುಂಭಾಗಕ್ಕೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಏಕೆಂದರೆ ನೀರು ಸೀಳುವುದು ಕಣ್ಣಿಗೆ ಕಾಣುತ್ತದೆ. ಹಿಂಭಾಗವನ್ನು ಕೇಳುವವರಿಲ್ಲ. ಆದರೆ ಎಂಜಿನ್ ಕೂಡಿಸಿದ ಸಣ್ಣ ದೋಣಿಯ ನಡತೆ ಬಹುಪಾಲು ತೀರ್ಮಾನವಾಗುವುದು ಅಲ್ಲೇ, ಸೀಳಿದ ನೀರನ್ನು ಅದು ಕೈಬಿಡುವ ಜಾಗದಲ್ಲಿ.

ಮನೆಯಲ್ಲಿ ಪ್ಲೈವುಡ್ ದೋಣಿ ಕಟ್ಟುವವರು ಆ ಜಾಗವನ್ನು ಒಂದು ಅಡ್ಡ ಹಲಗೆಯಿಂದ ಮುಚ್ಚುತ್ತಾರೆ. ಅದೇ ಟ್ರಾನ್ಸಮ್. ನೋಡಲು ಚಕ್ಕಡಿಯ ಹಿಂದೆ ಸಿಕ್ಕಿಸುವ ಹಲಗೆಯಷ್ಟೇ ಸರಳ. ಆದರೆ ಇದಕ್ಕೆ ಒಂದಕ್ಕೊಂದು ಹೊಂದದ ಎರಡು ಕೆಲಸಗಳಿವೆ: ಎಂಜಿನ್ನನ್ನು ಗಟ್ಟಿಯಾಗಿ ಹಿಡಿಯಬೇಕು, ನೀರನ್ನು ಚೊಕ್ಕವಾಗಿ ಬಿಡಬೇಕು.

ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ಕೂತು ದೋಣಿಯ ಮಾತು ಆಡಿದರೆ ಜನ ನಗುತ್ತಾರೆ. ಕಾರವಾರದ ಸಮುದ್ರಕ್ಕೆ ಇಲ್ಲಿಂದ ಘಟ್ಟ ಇಳಿದು ಸುಮಾರು 150 ಕಿಲೋಮೀಟರ್. ಹತ್ತಿರದ ದೊಡ್ಡ ನೀರೆಂದರೆ ಉಣಕಲ್ ಕೆರೆ. ಅಲ್ಲಿ ಸ್ವಂತ ದೋಣಿ ಇಳಿಸಬೇಕಾದರೆ ಮೊದಲು ಅನುಮತಿಯ ಕಾಗದ ಹಿಡಿದು ಅಲೆಯಬೇಕು. ಹಾಗಿದ್ದರೂ ದೋಣಿ ಕಟ್ಟಲು ಬೇಕಾದ ಸಾಮಾನು ಈ ಅವಳಿನಗರದಲ್ಲಿ ಸಿಗದೆ ಇಲ್ಲ. ದಾಂಡೇಲಿಯ ಪ್ಲೈವುಡ್ ಕಾರ್ಖಾನೆಯ ಹೆಸರು ಈ ಭಾಗದ ಹಳೆಯ ಬಡಿಗರ ಬಾಯಲ್ಲಿ ಇನ್ನೂ ಇದೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಮರೈನ್ ಪ್ಲೈ ಎಂಬ ಮುದ್ರೆ ಹೊತ್ತ ಹಾಳೆಗಳು ರಾಶಿರಾಶಿ ಬಿದ್ದಿರುತ್ತವೆ. ಅವುಗಳಲ್ಲಿ ಬಹುಪಾಲು ಹೋಗುವುದು ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟಿಗೆ ಎಂಬುದು ಬೇರೆ ಮಾತು.

ಇನ್ನು ನೀರು ಹೇಗೆ ಕೈಬಿಡುತ್ತದೆ ಎಂಬುದರ ಪಾಠಕ್ಕೆ ಕೆರೆಯೂ ಬೇಕಿಲ್ಲ. ಪಿ.ಬಿ. ರೋಡಿನಲ್ಲಿ, ಅಂದರೆ ಪುಣೆ-ಬೆಂಗಳೂರು ರಸ್ತೆಯಲ್ಲಿ ನಿಂತು, ಹೋಗುವ ಬಸ್ಸುಗಳ ಬೆನ್ನು ನೋಡಿದರೆ ಆಯಿತು. ಗಾಳಿಗೆ ಎದೆ ಕೊಡುವುದು ಮುಂದಿನ ಗಾಜು, ಧೂಳು ಮೆತ್ತಿಕೊಂಡಿರುವುದು ಹಿಂದಿನ ಗಾಜಿಗೆ. ಬಸ್ಸಿನ ಚಪ್ಪಟೆ ಬೆನ್ನಿನ ಅಂಚಿಗೆ ಬಂದ ಗಾಳಿಗೆ ಥಟ್ಟನೆ ಒಳಕ್ಕೆ ತಿರುಗಲು ಆಗುವುದಿಲ್ಲ. ಅದು ನೇರವಾಗಿ ಹರಿದುಹೋಗುತ್ತದೆ. ಬಸ್ಸಿನ ಬೆನ್ನಿಗೆ ಒತ್ತಡ ಕಡಿಮೆಯಾದ ಒಂದು ಪೊಳ್ಳು ಉಳಿಯುತ್ತದೆ, ಅಲ್ಲಿ ಸುಳಿಗಳೇಳುತ್ತವೆ, ಚಕ್ರದಡಿಯ ಧೂಳನ್ನೆಲ್ಲ ಆ ಸುಳಿಗಳು ಮೇಲೆತ್ತಿ ಗಾಜಿಗೆ ಬಳಿಯುತ್ತವೆ. ಆ ಕಡಿಮೆ ಒತ್ತಡ ಬಸ್ಸನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ, ಅದಕ್ಕೆ ಡೀಸೆಲ್ ಸುರಿಯಬೇಕು. ನೀರಲ್ಲಿ ನಿಧಾನ ಹೋಗುವ ಚಪ್ಪಟೆ ಹಿಂಭಾಗದ ದೋಣಿಗೂ ಇದೇ ಗತಿ. ಆದರೆ ನೀರಿನ ಮೇಲೆ ಬಸ್ಸಿಗಿಲ್ಲದ ಒಂದು ಅನುಕೂಲವಿದೆ: ಸಾಕಷ್ಟು ವೇಗ ಬಂದರೆ ಬೆನ್ನ ಹಿಂದಿನ ಪೊಳ್ಳಿಗೆ ಮೇಲಿನಿಂದ ಗಾಳಿ ನುಗ್ಗಿ, ಹಲಗೆ ಪೂರ್ತಿ ಒಣಗುತ್ತದೆ. ಸುಳಿಗಳ ಜಗ್ಗಾಟ ಅಲ್ಲಿಗೆ ಮುಗಿಯಿತು.

ಹಾಗಾದರೆ ಹಿಂಭಾಗ ಚೂಪಾಗಿದ್ದರೆ ನೀರು ನಯವಾಗಿ ಕೂಡಿಕೊಳ್ಳುವುದಿಲ್ಲವೇ? ಕೂಡಿಕೊಳ್ಳುತ್ತದೆ. ನಮ್ಮ ಕರಾವಳಿಯ ಸಣ್ಣ ಪಾತಿ ದೋಣಿಗಳು ಎರಡೂ ತುದಿಗೆ ಚೂಪಾಗಿರುವುದು ಸುಮ್ಮನೆ ಅಲ್ಲ. ಹುಟ್ಟು ಹಾಕಿ ಹೋಗುವ ವೇಗಕ್ಕೆ ಅದಕ್ಕಿಂತ ಒಳ್ಳೆಯ ಆಕಾರವಿಲ್ಲ. ಮರಳಿನ ದಂಡೆಗೆ ವಾಪಸ್ ಬರುವಾಗ ಹಿಂದಿನಿಂದ ಒಡೆಯುವ ಅಲೆಯನ್ನೂ ಚೂಪು ತುದಿ ಎರಡಾಗಿ ಸೀಳಿ ಬಿಡುತ್ತದೆ. ಚಪ್ಪಟೆ ಹಲಗೆಯಾದರೆ ಅಲೆ ಅದಕ್ಕೆ ಹೆಗಲು ಕೊಟ್ಟು ದೋಣಿಯನ್ನು ಅಡ್ಡ ಮಲಗಿಸುತ್ತದೆ. ತೊಡಕು ಶುರುವಾಗುವುದು ಎಂಜಿನ್ ಬಂದ ಮೇಲೆ. ಚೂಪು ತುದಿಯಲ್ಲಿ ಅದನ್ನು ಕೂಡಿಸಲು ಜಾಗವಿಲ್ಲ. ಒಂದೋ ಅಡ್ಡ ಮರ ಕಟ್ಟಿ ಪಕ್ಕಕ್ಕೆ ತೂಗುಹಾಕಬೇಕು, ಇಲ್ಲವೇ ಚೂಪನ್ನು ಕೊಯ್ದು ಹಲಗೆ ಹಚ್ಚಬೇಕು.

ಕೂಡಿಸಿದಿರಿ ಎಂದೇ ಇಟ್ಟುಕೊಳ್ಳಿ. ಆಮೇಲೆ ಭಾರದ ಪ್ರಶ್ನೆ. 4 ಮೀಟರ್ ಉದ್ದ, 1.2 ಮೀಟರ್ ಅಗಲದ ದೋಣಿ. ಅದರ ಹಿಂದೆ 25 ಕೆ.ಜಿ. ಎಂಜಿನ್, ಅದನ್ನು ನಡೆಸುವ 65 ಕೆ.ಜಿ. ಮನುಷ್ಯ, ಒಟ್ಟು 90 ಕೆ.ಜಿ., ನಡುವಿನಿಂದ 1.6 ಮೀಟರ್ ಹಿಂದೆ. ದೋಣಿ ನೀರಿನ ಮಟ್ಟದಲ್ಲಿ ಆಯತಾಕಾರದ ಪೆಟ್ಟಿಗೆಯಂತಿದ್ದರೆ ಹಿಂಭಾಗ ಸುಮಾರು 6 ಸೆಂಟಿಮೀಟರ್ ಮುಳುಗುತ್ತದೆ. ಎರಡೂ ತುದಿ ಚೂಪಾಗಿ ಗಾಳಿಪಟದ ಆಕಾರದಲ್ಲಿದ್ದರೆ ಅದೇ ಭಾರಕ್ಕೆ ಕಾಗದದ ಲೆಕ್ಕ 22 ಸೆಂಟಿಮೀಟರ್ ತೋರಿಸುತ್ತದೆ. ನಿಜವಾದ ದೋಣಿಗಳು ಈ ಎರಡರ ನಡುವೆ ಎಲ್ಲೋ ಇರುತ್ತವೆ. ಆದರೆ ಲೆಕ್ಕದ ಒಳಗುಟ್ಟು ಗಮನಿಸಬೇಕಾದದ್ದು. ಚೂಪು ದೋಣಿಯ ಮೇಲ್ಮೈ ಪೆಟ್ಟಿಗೆಯ ಅರ್ಧದಷ್ಟಿದೆ, ವಾಲುವುದನ್ನು ತಡೆಯುವ ಶಕ್ತಿ ಮಾತ್ರ ಕಾಲುಭಾಗಕ್ಕೆ ಇಳಿದಿದೆ. ಏಕೆಂದರೆ ವಾಲುವುದನ್ನು ತಡೆಯುವುದರಲ್ಲಿ ತುದಿಯ ನೀರು ನಡುವಿನ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ದುಡಿಯುತ್ತದೆ. ದೂರದ ವರ್ಗಕ್ಕೆ ಅನುಗುಣವಾಗಿ ಅದರ ಬೆಲೆ ಏರುತ್ತದೆ. ಅಗಲವಾದ ಟ್ರಾನ್ಸಮ್ ಎಂದರೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಇಟ್ಟ ತೇಲುವ ಶಕ್ತಿ.

ಪ್ಲೈವುಡ್ಡಿಗೂ ಒಂದು ಸ್ವಭಾವವಿದೆ. ಹಾಳೆ ಒಂದು ದಿಕ್ಕಿಗೆ ಬಾಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ದಿಕ್ಕಿಗೂ ಬಾಗು ಎಂದರೆ ಸಿಗಿಯುತ್ತದೆ. ಸೋರೆಕಾಯಿಯಂತೆ ಎಲ್ಲ ಕಡೆ ಉಬ್ಬಿದ ಹಿಂಭಾಗವನ್ನು ಅದರಿಂದ ಮಾಡಲಾಗದು. 1963ರಲ್ಲಿ ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆಯ ಬೆಂಬಲದಿಂದ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿಯ ಗುಟ್ಟು ಇದೇ. ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಮತ್ತು ಟಿ.ವಿ.ಯಲ್ಲಿ ಮನೆಗೆಲಸದ ಬಡಗಿತನ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ, ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿ ಮತ್ತು ರಾಳ ಬಳಿಯುವ ವಿಧಾನವನ್ನು ಮನೆಮನೆಗೆ ಮುಟ್ಟಿಸಿದರು. ಆ ದೋಣಿಗೆ ಹಿಂದೆಯೂ ಅಡ್ಡ ಹಲಗೆ, ಮುಂದೆಯೂ ಅಡ್ಡ ಹಲಗೆ. ಅಂಥವು 70,000ಕ್ಕೂ ಹೆಚ್ಚು ನೀರಿಗಿಳಿದವು. ಇದೇ ಹೊಲಿಗೆಯ ವಿಧಾನ 1980ರ ದಶಕದಲ್ಲಿ ನಮ್ಮ ದಕ್ಷಿಣ ತುದಿಗೂ ಬಂತು: ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂ ಕಡೆ ಕಟ್ಟುಮರ ಬಿಟ್ಟ ಮೀನುಗಾರರು ಪ್ಲೈವುಡ್ ದೋಣಿ ಹತ್ತಿದರು, ಹಿಂದೆ ಎಂಜಿನ್ ಕೂಡಿಸಿದರು. ಕಟ್ಟುಮರ ಮಾಡುವ ಹಗುರ ಮರದ ದಿಮ್ಮಿಗಳು ತುಟ್ಟಿಯಾಗುತ್ತಿದ್ದದ್ದೂ ಅದಕ್ಕೆ ಒಂದು ಕಾರಣ.

ವೇಗದ ವಿಷಯಕ್ಕೆ ಬರೋಣ. ದೋಣಿ ಓಡುವಾಗ ತನ್ನ ಜೊತೆಗೆ ತನ್ನದೇ ವೇಗದಲ್ಲಿ ಹೋಗುವ ಅಲೆಯೊಂದನ್ನು ಎಬ್ಬಿಸಿಕೊಂಡೇ ಓಡುತ್ತದೆ. ಆಳದ ನೀರಿನಲ್ಲಿ ಅಲೆಯ ವೇಗಕ್ಕೂ ಉದ್ದಕ್ಕೂ ಬಿಡಿಸಲಾಗದ ನಂಟು: ವೇಗ ಹೆಚ್ಚಿದಷ್ಟೂ ಅಲೆ ಉದ್ದ. ಸೆಕೆಂಡಿಗೆ 2.5 ಮೀಟರ್ ಹೋಗುವ ಅಲೆಯ ಉದ್ದ ಸರಿಯಾಗಿ 4 ಮೀಟರ್. ಅಂದರೆ ನಮ್ಮ 4 ಮೀಟರ್ ದೋಣಿ ಗಂಟೆಗೆ 9 ಕಿಲೋಮೀಟರ್ ಮುಟ್ಟಿದಾಗ ಅದರ ಮೂತಿಯಡಿ ಒಂದು ಅಲೆಯ ತಲೆ, ಹಿಂಭಾಗದಡಿ ಇನ್ನೊಂದು. ಇದಕ್ಕಿಂತ ವೇಗ ಹೆಚ್ಚಿಸಿದರೆ ಹಿಂದಿನ ತಲೆ ಇನ್ನೂ ಹಿಂದಕ್ಕೆ ಸರಿದು, ದೋಣಿಯ ಹಿಂಭಾಗ ಅಲೆಯ ತಗ್ಗಿಗೆ ಕುಸಿಯುತ್ತದೆ. ಮೂತಿ ಆಕಾಶ ನೋಡುತ್ತದೆ. ಅಲ್ಲಿಂದ ಮುಂದೆ ದೋಣಿ ತನ್ನದೇ ಅಲೆಯ ಏರನ್ನು ಹತ್ತುತ್ತಿರುತ್ತದೆ. ಎಂಜಿನ್ ಎಷ್ಟು ಕಿರುಚಿದರೂ ವೇಗ ಸುಲಭವಾಗಿ ಏರುವುದಿಲ್ಲ.

ಈ ಲೆಕ್ಕವನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿದವರು ಇಂಗ್ಲೆಂಡಿನ ವಿಲಿಯಂ ಫ್ರೌಡ್. 1860ರ ದಶಕದಲ್ಲಿ ಅವರು ಡಾರ್ಟ್ ನದಿಯಲ್ಲಿ ಎರಡು ಬಗೆಯ ಮಾದರಿಗಳನ್ನು ಎಳೆಸಿ ನೋಡಿದರು. ರೇವನ್ ಎಂಬುದು ಚೂಪು ತುದಿಯದು, ಸ್ವಾನ್ ಎಂಬುದು ಮೊಂಡು ತುದಿಯದು. ಚೂಪಾದದ್ದೇ ಗೆಲ್ಲುತ್ತದೆ ಎಂಬುದು ಆ ಕಾಲದ ನಂಬಿಕೆ. ನಿಧಾನ ವೇಗದಲ್ಲಿ ಅದು ಗೆದ್ದದ್ದೂ ಹೌದು. ವೇಗ ಏರಿದಾಗ ಮೊಂಡು ಸ್ವಾನ್ ಕಡಿಮೆ ಪ್ರತಿರೋಧ ತೋರಿಸಿತು. ಎಲ್ಲ ವೇಗಕ್ಕೂ ಒಳ್ಳೆಯದಾದ ಒಂದು ಆಕಾರ ಎಂಬುದಿಲ್ಲ ಎಂದು ಆ ಎರಡು ಮಾದರಿಗಳು ತೋರಿಸಿಕೊಟ್ಟವು. 1872ರಲ್ಲಿ ಟಾರ್ಕಿ ಊರಿನಲ್ಲಿ ಅವರು ಕಟ್ಟಿಸಿದ ಉದ್ದನೆಯ ತೊಟ್ಟಿ, ಮೇಣದ ಮಾದರಿಗಳು, ಅವುಗಳನ್ನು ಎಳೆಯುವ ಗಾಡಿ: ಇಂದಿಗೂ ಹಡಗಿನ ಪರೀಕ್ಷೆ ನಡೆಯುವುದು ಇದೇ ಕ್ರಮದಲ್ಲಿ. ಮನೆಯಲ್ಲಿ ದೋಣಿ ಕಟ್ಟುವವನಿಗೆ ಇದರ ಅರ್ಥ ಇಷ್ಟು: ಟ್ರಾನ್ಸಮ್ಮಿನ ಗೆರೆ ಎಳೆಯುವ ಮೊದಲು ವೇಗ ಎಷ್ಟೆಂದು ಹೇಳು. ಹುಟ್ಟು ಹಾಕುವ ದೋಣಿಯಾದರೆ ತಳವನ್ನು ಹಿಂದಕ್ಕೆ ಮೇಲೆತ್ತಿ, ಟ್ರಾನ್ಸಮ್ಮಿನ ಕೆಳ ಅಂಚು ನೀರಿನಿಂದ ಮೇಲೇ ಇರುವಂತೆ ಮಾಡು. ಎಂಜಿನ್ನಾದರೆ ತಳದ ಹಿಂದಿನ ಮೂರನೇ ಒಂದು ಭಾಗ ಹಲಗೆ ಇಟ್ಟು ನೋಡಿದರೂ ಬೆಳಕು ನುಸುಳದಷ್ಟು ನೇರವಾಗಿರಲಿ.

ನೇರ ಏಕೆ ಎಂಬುದಕ್ಕೆ ಅಡುಗೆಮನೆಯ ನಲ್ಲಿ ತಿರುಗಿಸಿ, ಚಮಚದ ಉಬ್ಬಿದ ಬೆನ್ನನ್ನು ನೀರಿನ ಧಾರೆಗೆ ಮೆಲ್ಲಗೆ ತಾಗಿಸಿ. ಧಾರೆ ಚಮಚವನ್ನು ದೂಡುತ್ತದೆ ಎಂದುಕೊಂಡಿರುತ್ತೀರಿ; ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಉಬ್ಬಿನ ಮೇಲೆ ಬಾಗಿ ಹರಿಯುವ ನೀರಿನಲ್ಲಿ ಒತ್ತಡ ಇಳಿಯುತ್ತದೆ, ಉಬ್ಬು ಅತ್ತ ಜಗ್ಗುತ್ತದೆ. ತಳ ಹಿಂದಕ್ಕೆ ಮೇಲೆದ್ದಿರುವ ದೋಣಿಗೆ ವೇಗ ಕೊಟ್ಟಾಗ ಇದೇ ಆಗುತ್ತದೆ, ನೀರು ಅದರ ಹಿಂಭಾಗವನ್ನು ಕೆಳಕ್ಕೆ ಹೀರುತ್ತದೆ. ಹುಟ್ಟಿನ ದೋಣಿಯನ್ನು ಕೊಂಡು ದೊಡ್ಡ ಎಂಜಿನ್ ಹಚ್ಚಿ ನಿರಾಶರಾದವರ ಕಥೆಗಳ ಹಿಂದೆ ಹೆಚ್ಚಾಗಿ ಇರುವುದು ಈ ಹೀರುವಿಕೆಯೇ.

ಈಗ ಮುಳುಗುವ ಆಳ. ನಿಂತ ದೋಣಿಯ ಟ್ರಾನ್ಸಮ್ 10 ಸೆಂಟಿಮೀಟರ್ ನೀರಿನಲ್ಲಿದೆ ಎನ್ನಿ. ನಿಂತಾಗ ಹಿಂದಿನ ನೀರು ಆ ಹಲಗೆಯನ್ನು ಮುಂದಕ್ಕೆ ಒತ್ತುತ್ತಿರುತ್ತದೆ, ಮುಂದಿನ ನೀರು ಹಿಂದಕ್ಕೆ, ಎರಡೂ ಸರಿಸಮ. ವೇಗದಲ್ಲಿ ಹಲಗೆ ಒಣಗಿದಾಗ ಹಿಂದಿನ ಒತ್ತು ಇಲ್ಲವಾಗುತ್ತದೆ, ಮುಂದಿನದು ಉಳಿಯುತ್ತದೆ. 1.2 ಮೀಟರ್ ಅಗಲದ ಹಲಗೆಗೆ ಈ ನಷ್ಟ ಸುಮಾರು 6 ಕೆ.ಜಿ. ತೂಕದಷ್ಟು. ಮುಳುಗುವ ಆಳವನ್ನು 5 ಸೆಂಟಿಮೀಟರಿಗೆ ಇಳಿಸಿದರೆ ನಷ್ಟ 3 ಕೆ.ಜಿ. ಆಗುವುದಿಲ್ಲ, ಒಂದೂವರೆ ಆಗುತ್ತದೆ. ಆಳದ ಜೊತೆ ಒತ್ತಡವೂ, ಒತ್ತಡ ಬೀಳುವ ಜಾಗವೂ ಎರಡೂ ಅರ್ಧವಾದವಲ್ಲ! ಇನ್ನೊಂದು ಲಾಭವೂ ಇದೆ. ಹಲಗೆ ಪೂರ್ತಿ ಒಣಗಬೇಕಾದರೆ ಬೇಕಾಗುವ ವೇಗ, ಮುಳುಗಿದ ಆಳವನ್ನು ಗುರುತ್ವದಿಂದ ಗುಣಿಸಿ ವರ್ಗಮೂಲ ತೆಗೆದದ್ದರ ಸುಮಾರು ಎರಡೂವರೆ ಪಟ್ಟು. 10 ಸೆಂಟಿಮೀಟರಿಗೆ ಅದು ಗಂಟೆಗೆ 9 ಕಿಲೋಮೀಟರ್ ಹತ್ತಿರ. 5 ಸೆಂಟಿಮೀಟರಿಗೆ 6 ದಾಟಿದರೆ ಸಾಕು. ನಮ್ಮ ದೋಣಿಗೆ 9 ಎಂಬುದು ಅಲೆ ಅಡ್ಡಗಟ್ಟುವ ವೇಗ. ಅಷ್ಟು ಹೊತ್ತಿಗೆ ಹಲಗೆ ಒದ್ದೆಯಾಗಿಯೇ ಇದ್ದರೆ ಎರಡು ಜಗ್ಗಾಟಗಳು ಒಟ್ಟಿಗೆ ಬಂದಂತೆ. ಆದ್ದರಿಂದ ನನ್ನ ಮತ ಇದು: ಜನ, ಎಂಜಿನ್, ಇಂಧನ ಎಲ್ಲ ಹೇರಿದ ಮೇಲೂ ಟ್ರಾನ್ಸಮ್ 5 ಸೆಂಟಿಮೀಟರಿಗಿಂತ ಹೆಚ್ಚು ಮುಳುಗದಂತೆ ಅಗಲ ಕೊಡಿ. ಆಳ ಕೊಡಬೇಡಿ. ಪ್ಲೈವುಡ್ ಹಾಳೆಯ ಅಗಲ 4 ಅಡಿ, ಅಂದರೆ 1,220 ಮಿಲಿಮೀಟರ್ ಇರುವುದು ಇಲ್ಲಿ ಅನಾಯಾಸವಾಗಿ ಒದಗಿಬಂದ ಅಳತೆ.

ನೀರನ್ನು ಬಿಡುವುದು ಕೊನೆಗೂ ಕೆಳಗಿನ ಒಂದು ಅಂಚು, ಆ ಅಂಚು ಹರಿತವಾಗಿರಬೇಕು. ಇದಕ್ಕೆ ಒಳ್ಳೆಯ ಬಡಗಿಯನ್ನು ಒಪ್ಪಿಸುವುದು ಕಷ್ಟ. ನವನಗರದ ನಮ್ಮ ಶೆಡ್ಡಿನಲ್ಲಿ ದೋಣಿ ಮಕಾಡೆ ಮಲಗಿದ್ದಾಗ ಬಡಿಗೇರರು ತಳದ ಉಳಿದ ಮೂಲೆಗಳನ್ನೆಲ್ಲ ಉಜ್ಜುಕಾಗದದಿಂದ ಚೆಂದಗೆ ಗುಂಡು ಮಾಡಿ, ಟ್ರಾನ್ಸಮ್ಮಿನ ಕೆಳ ಅಂಚಿಗೆ ಬಂದರು.

“ಸರ, ಇದನ್ನೊಂದ್ ಹಿಂಗs ಚೂಪ ಬಿಟ್ಟೀರಲ್ರಿ? ಕೈಗಿ ಹತ್ತತೈತಿ. ಸ್ವಲ್ಪ ಗುಂಡಗ ಮಾಡಿಬಿಡ್ತೀನಿ.”

“ಬ್ಯಾಡ್ರಿ ಬಡಿಗ್ಯಾರ, ಅಲ್ಲಿ ಚೂಪs ಬೇಕು. ನೀರು ಅಲ್ಲೇ ಕಡಕೊಂಡ್ ಹೋಗ್ಬೇಕು.”

“ನೀರಿಗೇನ್ ತಿಳೀತೈತ್ರಿ ಚೂಪು, ಗುಂಡು?”

ತಿಳಿಯುತ್ತದೆ. ಅಂಚು ಗುಂಡಗಿದ್ದರೆ ನೀರು ಚಮಚದ ಬೆನ್ನಿನ ಮೇಲೆ ಹೋದಂತೆ ಅದನ್ನು ಅಪ್ಪಿಕೊಂಡು ಮೇಲಕ್ಕೆ ತಿರುಗುತ್ತದೆ. ತಿರುಗುವಾಗ ದೋಣಿಯನ್ನು ಕೆಳಕ್ಕೂ ಹಿಂದಕ್ಕೂ ಎಳೆಯುತ್ತದೆ, ಹಲಗೆ ಒಣಗುವುದು ತಡವಾಗುತ್ತದೆ. ಹರಿತ ಅಂಚಿನಲ್ಲಿ ತಿರುಗಲು ದಾರಿಯಿಲ್ಲದೆ ನೀರು ನೇರ ಹೋಗುತ್ತದೆ. ಬಡಿಗೇರರ ಕಡೆಗೂ ನ್ಯಾಯವಿತ್ತು. ಗಾಜಿನ ನಾರಿನ ಬಟ್ಟೆ ಹರಿತ ಮೂಲೆಯ ಮೇಲೆ ಬಾಗಿ ಕೂರುವುದಿಲ್ಲ, ಕೆಳಗೆ ಗಾಳಿಗುಳ್ಳೆ ಬಿಡುತ್ತದೆ, ಮುಂದೆ ಅಲ್ಲಿಂದಲೇ ನೀರು ಇಳಿಯುತ್ತದೆ. ಹೀಗಾಗಿ ಎರಡನ್ನೂ ಮಾಡಬೇಕಾಗುತ್ತದೆ: ಮೊದಲು ಗುಂಡು ಮಾಡಿ ಬಟ್ಟೆ ಹಾಸಿ ಎಪಾಕ್ಸಿ ಬಳಿಯುವುದು, ಅದು ಗಟ್ಟಿಯಾದ ಮೇಲೆ ಎಪಾಕ್ಸಿಗೆ ಪುಡಿ ಕಲಸಿ ಲಪ್ಪದಂತೆ ಮಾಡಿ ಅಂಚಿಗೆ ಮೆತ್ತಿ, ನೇರ ಪಟ್ಟಿ ಒತ್ತಿ, ಆಮೇಲೆ ಅರದಿಂದ ಚೌಕ ಮೂಲೆ ತೆಗೆಯುವುದು. ಉಗುರಿನಿಂದ ಗೀರಿದರೆ ಉಗುರಿನ ತೆಳು ಸಿಪ್ಪೆ ಏಳುವಷ್ಟು ಹರಿತವಿದ್ದರೆ ಸಾಕು.

ಹಿಡಿಯುವ ಕೆಲಸಕ್ಕೆ ಬಂದರೆ ಮೊದಲು ಎತ್ತರ. ಔಟ್‌ಬೋರ್ಡ್ ಎಂಜಿನ್ನುಗಳ ಕಾಲು ಅಳತೆಗೆ ತಕ್ಕಂತೆ ಬರುತ್ತದೆ: ಗಿಡ್ಡ ಕಾಲಿನದಕ್ಕೆ 15 ಇಂಚಿನ ಟ್ರಾನ್ಸಮ್, ಉದ್ದ ಕಾಲಿನದಕ್ಕೆ 20 ಇಂಚು. ಪ್ರೊಪೆಲ್ಲರಿನ ಮೇಲೆ ಚಾಚಿಕೊಂಡಿರುವ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಮೇಲೆ ಬಂದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಹುಚ್ಚೆದ್ದು ತಿರುಗುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. ತೀರಾ ಕೆಳಗಾದರೆ ಎಂಜಿನ್ನಿನ ಕಾಲೇ ನೀರಿನಲ್ಲಿ ಅಡ್ಡ ನಿಂತು ತುಂತುರು ಹಾರಿಸುತ್ತದೆ. ಎಂಜಿನ್ ಕೊಳ್ಳುವ ಮೊದಲೇ ಹಲಗೆ ಕೊಯ್ದುಕೊಂಡವರ ಪಾಡು ಬೇರೆ ಹೇಳಬೇಕಿಲ್ಲ.

ಹಲಗೆ ನೆಟ್ಟಗೆ ನಿಲ್ಲಬಾರದು, 12 ಡಿಗ್ರಿಯಷ್ಟು ಹಿಂದಕ್ಕೆ ವಾಲಬೇಕು. 15 ಇಂಚು, ಅಂದರೆ 38 ಸೆಂಟಿಮೀಟರ್ ಎತ್ತರಕ್ಕೆ ಮೇಲಂಚು ಕೆಳಂಚಿಗಿಂತ 8 ಸೆಂಟಿಮೀಟರ್ ಹಿಂದೆ. ಹೀಗೆ ವಾಲಿದಾಗ ಎಂಜಿನ್ನಿನ ಕಾಲನ್ನು ದೋಣಿಯಡಿಗೆ ಸ್ವಲ್ಪ ಒಳಕ್ಕೂ, ಬೇಕಾದರೆ ಹೊರಕ್ಕೂ ಸರಿಸುವ ಅವಕಾಶ ಸಿಗುತ್ತದೆ. ಕಾಲು ಒಳಕ್ಕೆ ಬಂದರೆ ತಳ್ಳು ಮೂತಿಯನ್ನು ಇಳಿಸುತ್ತದೆ, ಹೊರಕ್ಕೆ ಹೋದರೆ ಎತ್ತುತ್ತದೆ. ನೆಟ್ಟಗಿನ ಹಲಗೆಯಲ್ಲಿ ಒಳಕ್ಕೆ ಸರಿಸಲು ಜಾಗವೇ ಇರುವುದಿಲ್ಲ. ಮೂತಿ ಎದ್ದರೆ ಎದ್ದೇ ಇರುತ್ತದೆ.

ಇನ್ನು ಬಲ. 5 ಅಶ್ವಶಕ್ತಿಯ ಎಂಜಿನ್ ಪೂರ್ತಿ ತಿರುಗಿದಾಗ 50 ಕೆ.ಜಿ. ತೂಕದ ಆಸುಪಾಸಿನಲ್ಲಿ ತಳ್ಳುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ದೋಣಿ ಮುಂದಕ್ಕೆ ಹೋಗುತ್ತದೆಯಾದ್ದರಿಂದ ಹಲಗೆಯ ಮೇಲಂಚಿಗೂ ಮುಂದಕ್ಕೇ ಒತ್ತಡ ಬೀಳುತ್ತದೆ ಎಂದು ಎನಿಸುವುದು ಸಹಜ. ಆಗುವುದು ತಿರುಗುಮುರುಗು. ತಳ್ಳು ಹುಟ್ಟುವುದು ನೀರಿನೊಳಗೆ, ಎಂಜಿನ್ನನ್ನು ಹಲಗೆಗೆ ಸಿಕ್ಕಿಸುವ ಹಿಡಿಕೆಯ ಕೆಳತುದಿಗಿಂತ ಸುಮಾರು 35 ಸೆಂಟಿಮೀಟರ್ ಕೆಳಗೆ. ಹಿಡಿಕೆಯ ಕೆಳತುದಿ ಮೀಟುಗೋಲಿನ ಆಧಾರದಂತೆ ಹಲಗೆಗೆ ಒತ್ತಿ ನಿಲ್ಲುತ್ತದೆ. ಅದಕ್ಕಿಂತ 22 ಸೆಂಟಿಮೀಟರ್ ಮೇಲಿರುವ ಕ್ಲ್ಯಾಂಪಿನ ತಿರುಪುಗಳು ಮೇಲಂಚನ್ನು ಹಿಂದಕ್ಕೆ ಎಳೆಯುತ್ತವೆ. ಎಳೆತ ಎಷ್ಟು? 50ನ್ನು 35ರಿಂದ ಗುಣಿಸಿ 22ರಿಂದ ಭಾಗಿಸಿ: ಹತ್ತಿರ ಹತ್ತಿರ 80 ಕೆ.ಜಿ. ಕೆಳತುದಿಯ ಒತ್ತು ಎರಡೂ ಕೂಡಿ 130. ಥಟ್ಟನೆ ಥ್ರಾಟಲ್ ತಿರುವಿದಾಗ, ಪ್ರೊಪೆಲ್ಲರ್ ಮುಳುಗಿದ ಕೊರಡಿಗೆ ಬಡಿದಾಗ ಇದು ಇನ್ನೂ ಏರುತ್ತದೆ. ಇದಕ್ಕಾಗಿಯೇ ಎರಡು ಆಸರೆ. ಹಲಗೆಯ ನಡುವಿನಿಂದ ತಳಕ್ಕೆ ಒಂದು ತ್ರಿಕೋನದ ಊರುಮರ. ಮೇಲಿನ ಎರಡು ಮೂಲೆಗಳಲ್ಲಿ ಹಲಗೆಯನ್ನು ಪಕ್ಕದ ಅಂಚುಪಟ್ಟಿಗಳಿಗೆ ಬಿಗಿಯುವ ಇನ್ನೆರಡು ತ್ರಿಕೋನಗಳು. ಮೇಲಂಚು ಹಿಂದಕ್ಕೆ ಹೋಗುವುದನ್ನು ಹೆಚ್ಚಾಗಿ ತಡೆಯುವುದು ಈ ಮೂಲೆಯ ತುಂಡುಗಳೇ. ಅಂದಕ್ಕೆ ಹಾಕಿದ್ದು ಎಂದುಕೊಂಡು ಅವನ್ನು ಕೈಬಿಟ್ಟ ದೋಣಿಗಳಲ್ಲಿ ಮೊದಲ ಬಿರುಕು ಕಾಣುವುದು ಅಲ್ಲೇ.

ದಪ್ಪ 35 ಮಿಲಿಮೀಟರ್ ಹತ್ತಿರ ಬೇಕು. ಅಷ್ಟು ದಪ್ಪದ ಹಾಳೆ ಹುಡುಕಬೇಡಿ, 18 ಮಿ.ಮೀ.ನ ಎರಡನ್ನು ಅಂಟಿಸಿ. ಅಂಟು ಎಷ್ಟು ಮುಖ್ಯವೆಂದರೆ, ಎರಡು ಹಾಳೆಗಳನ್ನು ಬರೀ ಒಂದರ ಮೇಲೊಂದು ಇಟ್ಟರೆ ಒಂದರ ಎರಡರಷ್ಟು ಬಿಗುಪು. ಪೂರ್ತಿ ಅಂಟಿಸಿದರೆ ಎಂಟರಷ್ಟು, ಏಕೆಂದರೆ ಬಿಗುಪು ದಪ್ಪದ ಘನಕ್ಕೆ ಅನುಗುಣ. ಬರೀ ಇಟ್ಟಾಗ ಹಾಳೆಗಳು ಬಾಗುವಾಗ ಒಂದರ ಮೇಲೊಂದು ಜಾರುತ್ತವೆ, ಅಂಟು ಆ ಜಾರುವಿಕೆಯನ್ನು ನಿಲ್ಲಿಸುತ್ತದೆ. ನಾಲ್ಕು ಪಟ್ಟು ಲಾಭ ಬರೀ ಒಂದು ಪದರ ಎಪಾಕ್ಸಿಯಿಂದ. ಬಡಗಿಗಳು ದಿನಬಳಕೆಗೆ ಹಚ್ಚುವ ಸಾಮಾನ್ಯ ಬಿಳಿ ಅಂಟು ಇಲ್ಲಿ ಕೆಲಸಕ್ಕೆ ಬಾರದು, ನೀರಿನಲ್ಲಿ ಮೆತ್ತಗಾಗುತ್ತದೆ.

ಹಾಳೆ ಆರಿಸುವಾಗ ಮುದ್ರೆ ನೋಡಿ. ಐ.ಎಸ್. 710 ಎಂದಿದ್ದರೆ ಅದು ಮರೈನ್ ದರ್ಜೆ. ಅದರ ಅಂಟು 72 ಗಂಟೆ ಕುದಿಯುವ ನೀರನ್ನು ತಾಳಬೇಕು. ಐ.ಎಸ್. 303ರ ಬಿ.ಡಬ್ಲ್ಯು.ಆರ್. (ಕುದಿನೀರು ತಾಳುವ) ದರ್ಜೆಗೆ 8 ಗಂಟೆ. ಇಂಥ ಪರೀಕ್ಷೆಗಳ ವಿದ್ಯೆಗೆ ಬೆಂಗಳೂರಿನ ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆ 1960ರ ದಶಕದಿಂದ ಹೆಸರಾಗಿದೆ. ಆದರೆ ಕುದಿಸುವ ಪರೀಕ್ಷೆ ಅಂಟಿನದು. ಒಳಪದರದ ತುಂಡುಗಳ ನಡುವೆ ಉಳಿದ ಟೊಳ್ಳು ಅದರಲ್ಲಿ ಕಾಣುವುದಿಲ್ಲ. ಅಂಗಡಿಯಲ್ಲಿ ಹಾಳೆಯನ್ನು ಗೋಡೆಗೊರಗಿಸಿ ಒಂದು ರೂಪಾಯಿ ನಾಣ್ಯದ ಅಂಚಿನಿಂದ ಸಾಲಾಗಿ ಬಡಿಯುತ್ತ ಹೋಗಿ. ಟಣ್ ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಡಬ್ ಎಂದರೆ ಅಲ್ಲಿ ಟೊಳ್ಳಿದೆ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ. ಕಪಾಟಿಗೆ ಟೊಳ್ಳು ನಡೆಯುತ್ತದೆ, 130 ಕೆ.ಜಿ. ಒತ್ತು ಬೀಳುವ ಜಾಗದಲ್ಲಿ ನಡೆಯುವುದಿಲ್ಲ.

ಟ್ರಾನ್ಸಮ್ ಮುರಿದು ಸಾಯುವುದು ಕಡಿಮೆ, ಕೊಳೆತು ಸಾಯುವುದೇ ಹೆಚ್ಚು. ಮರದ ತೇವ ನೂರಕ್ಕೆ 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಸಮುದ್ರದ ಉಪ್ಪು ನೀರಿಗಿಂತ ಮಳೆಯ ಸಿಹಿನೀರು ಅದಕ್ಕೆ ಹಿತ, ಆದ್ದರಿಂದ ಸಮುದ್ರ ಕಾಣದ ಧಾರವಾಡದ ದೋಣಿ ಬಚಾವು ಎಂದುಕೊಳ್ಳುವಂತಿಲ್ಲ. ನೀರು ಒಳಹೊಗುವುದು ಹಲಗೆಯ ಮುಖದಿಂದಲ್ಲ. ಕೊಯ್ದ ಮೇಲಂಚಿನಿಂದ, ಬೋಲ್ಟಿನ ತೂತಿನಿಂದ. ಮೇಲಂಚಿಗೆ ಎಪಾಕ್ಸಿಯನ್ನು ಅದು ಕುಡಿಯುವುದು ನಿಲ್ಲಿಸುವ ತನಕ ಮತ್ತೆ ಮತ್ತೆ ಕುಡಿಸಿ. ಬೋಲ್ಟಿಗೆ 8 ಮಿ.ಮೀ. ತೂತು ಬೇಕಿದ್ದರೆ 12 ಮಿ.ಮೀ. ಕೊರೆದು, ಅದನ್ನು ಎಪಾಕ್ಸಿ ಲಪ್ಪದಿಂದ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ 8 ಮಿ.ಮೀ. ಕೊರೆಯಿರಿ. ಬೋಲ್ಟಿನ ಪಕ್ಕ ಮರ ಇರುವುದೇ ಇಲ್ಲ, ಕೊಳೆಯುವುದಾದರೂ ಏನು?

15 ಇಂಚಿನ ಎಂಜಿನ್ನಿಗೆ ಟ್ರಾನ್ಸಮ್ಮಿನ ಮೇಲಂಚನ್ನು ನಡುವೆ ತಗ್ಗಿಸಿ ಕೊಯ್ಯಬೇಕಾಗುತ್ತದೆ, ಇಡೀ ದೋಣಿಯಲ್ಲಿ ನೀರಿಗೆ ಅತಿ ಹತ್ತಿರದ ಅಂಚು ಅದೇ. ಮೇಲೆ ಹೇಳಿದ ಅಲೆ ನೆನಪಿರಲಿ, ದೋಣಿಯ ವೇಗದಲ್ಲೇ ಹಿಂದೆ ಹಿಂದೆ ಬರುವ ಅಲೆ. ಗಂಟೆಗೆ 9 ಕಿಲೋಮೀಟರಿನಲ್ಲಿ ಹೋಗುತ್ತಿದ್ದವರು ಥಟ್ಟನೆ ಎಂಜಿನ್ ನಿಲ್ಲಿಸಿದರೆ ದೋಣಿ ಒಂದೆರಡು ಉದ್ದದೊಳಗೆ ನಿಲ್ಲುತ್ತದೆ. ಅಲೆಗೆ ನಿಲ್ಲುವ ಕಾರಣವಿಲ್ಲ. ಅದು ಸೆಕೆಂಡಿಗೆ 2.5 ಮೀಟರಿನಂತೆ ಬಂದು ಆ ತಗ್ಗಿನಿಂದ ನೇರ ಒಳಗೆ ಇಳಿಯುತ್ತದೆ. ವೇಗವನ್ನು ಮೆಲ್ಲಗೆ ಇಳಿಸುವುದು ಒಂದು ಉಪಾಯ, ಆದರೆ ವಿನ್ಯಾಸ ಚಾಲಕನ ಬುದ್ಧಿಯನ್ನು ನಂಬಿ ಕೂರಬಾರದು. ತಗ್ಗಿನ ಮುಂದೆ, ದೋಣಿಯೊಳಗೆ, ಪಕ್ಕದಿಂದ ಪಕ್ಕಕ್ಕೆ ಇನ್ನೊಂದು ಗಿಡ್ಡ ಅಡ್ಡಗೋಡೆ ಕಟ್ಟಿ. ನಡುವಿನ ತೊಟ್ಟಿಗೆ ಬಿದ್ದ ನೀರು ಎರಡು ತೂತುಗಳಿಂದ ತಾನೇ ಹೊರಕ್ಕೆ ಹೋಗಲಿ. ಊರುಮರಕ್ಕೂ ಈ ಗೋಡೆಯಿಂದ ಇನ್ನಷ್ಟು ಬಲ ಬರುತ್ತದೆ.

ಕೊನೆಗೆ ತಳದ ಹತ್ತಿರ ಒಂದು ಬೂಚಿನ ತೂತು, ದಂಡೆಗೆ ಎಳೆದ ಮೇಲೆ ಒಳಗಿನ ನೀರು ಬಸಿಯಲು. ಬೂಚನ್ನು ಹೊರಗಿನಿಂದ ತಿರುಪುವಂತೆ ಮಾಡಿದರೆ ನೋಟಕ್ಕೆ ಚೊಕ್ಕ, ಒಳಗೆ ಕಾಲಿಗೆ ತೊಡಕಿಲ್ಲ. ನಾನಾದರೆ ಒಳಗಿನಿಂದಲೇ ಹಾಕುವಂತೆ ಮಾಡುತ್ತೇನೆ. ಬೂಚು ಹಾಕಲು ಮರೆತದ್ದು ಸಾಮಾನ್ಯವಾಗಿ ನೆನಪಾಗುವುದು ನಡುನೀರಿಗೆ ಹೋದ ಮೇಲೆ, ಪಾದ ಒದ್ದೆಯಾದಾಗ. ಆ ಹೊತ್ತಿನಲ್ಲಿ ಕೈಗೆ ಎಟುಕುವುದು ಒಳಗಿನ ತೂತು ಮಾತ್ರ.